ಎರಡು ಗೆರೆಗಳ ನಡುವೆ

ಭಾನುವಾರ ಬೆಳಿಗ್ಗೆ ಇವರು ಕಾರಿನ ಕೆಳಗೆ ಮಲಗಿದ್ದಾರೆಂದರೆ ಮನೆಯಲ್ಲಿ ಶಾಂತಿ ಇದೆ ಎಂದೇ ಅರ್ಥ. ಇವರು ಎಂದರೆ ನನ್ನ ಗಂಡ. ಎಂಜಿನ್ ಆಯಿಲ್ ಬದಲಾಯಿಸುವ ಕೆಲಸವನ್ನು ಇಂದಿನವರೆಗೆ ಯಾವ ಗ್ಯಾರೇಜಿಗೂ ಬಿಟ್ಟುಕೊಟ್ಟವರಲ್ಲ. ಗ್ಯಾರೇಜಿನವರು ಹಳೆಯ ಎಣ್ಣೆ ಪೂರ್ತಿ ಇಳಿಯುವ ಮೊದಲೇ ಹೊಸದನ್ನು ಸುರಿಯುತ್ತಾರಂತೆ, ಬೋಲ್ಟನ್ನು ಹಗೆ ತೀರಿಸಿಕೊಳ್ಳುವವರ ಹಾಗೆ ಬಿಗಿಯುತ್ತಾರಂತೆ. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯನೊಡನೆ ಎಣ್ಣೆಯ ವಿಷಯಕ್ಕೆ ವಾದ ಮಾಡುವಷ್ಟು ದಡ್ಡಿ ನಾನಲ್ಲ. ಉಳಿದ ಎಲ್ಲ ವಿಷಯಕ್ಕೂ ಮಾಡುತ್ತೇನೆ.

ಈ ಕೆಲಸದಲ್ಲಿ ನನ್ನ ಪಾಲು ಬಟ್ಟೆ ಚೂರುಗಳದ್ದು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ನೆರೆಹೊರೆಯವರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು ನನ್ನ ಕಸುಬು. ಮಿಕ್ಕಿದ ಬಿಳಿ ಹತ್ತಿ ಬಟ್ಟೆಯನ್ನು ಇವರಿಗೆಂದೇ ಎತ್ತಿಡುತ್ತೇನೆ. ಎಣ್ಣೆಯ ಅಳತೆ ಕಡ್ಡಿ ಒರೆಸಲು ಬಿಳಿ ಬಟ್ಟೆಯೇ ಆಗಬೇಕು, ಎಣ್ಣೆಯ ನಿಜ ಬಣ್ಣ ತಿಳಿಯುವುದು ಬಿಳಿಯ ಮೇಲೆ ಮಾತ್ರ ಎಂಬುದು ಇವರ ಶಾಸ್ತ್ರ.

ಆ ಭಾನುವಾರ ಮಾತ್ರ ಬಟ್ಟೆಯನ್ನು ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಎಸೆದು ಬಂದಿದ್ದೆ. ಹಿಂದಿನ ದಿನ ಊಟದ ಹೊತ್ತಿನಲ್ಲಿ ಜಗಳವಾಗಿತ್ತು. ಕಾರಣ ಕೇಳಿದರೆ ನೀವು ನಗಬಹುದು. ಕೆಲವು ತಿಂಗಳಿಂದ ಇವರು ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು. ನಾನು ಏನಾದರೂ ಹೇಳುತ್ತಿದ್ದರೆ ಇವರ ಕಣ್ಣು ನನ್ನ ಕಿವಿಯ ಪಕ್ಕದಲ್ಲೆಲ್ಲೋ, ಹಿಂದಿನ ಗೋಡೆಯ ಮೇಲೆ ಇರುತ್ತಿತ್ತು. ಗೋಡೆಯನ್ನೇ ನೋಡುವುದಾದರೆ ಊಟಕ್ಕೂ ಗೋಡೆಯನ್ನೇ ಕೇಳಿ ಎಂದು ರೇಗಿದ್ದೆ. ಇವರು ತಟ್ಟೆ ಎತ್ತಿಕೊಂಡು ಹೋದರು. ಮುಖ ಕೊಟ್ಟು ಮಾತಾಡಲಾರದಷ್ಟು ಬೇಸರವಾದೆನೇ ಎಂದು ಪಾತ್ರೆ ತೊಳೆಯುತ್ತ ಅತ್ತಿದ್ದೆ. ಅದನ್ನು ಇವರಿಗೆ ತೋರಿಸಲಿಲ್ಲ.

ಕಾರು ಬರೀ ನಮ್ಮ ತಿರುಗಾಟಕ್ಕಲ್ಲ. ನಮ್ಮ ಬೀದಿಯ ನಾಲ್ಕು ಮಕ್ಕಳನ್ನು ಇವರು ದಿನವೂ ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಾರೆ. ಮಕ್ಕಳು ಇಟ್ಟ ಹೆಸರು ‘ನಿಧಾನ ಮಾಮ’. ಇತ್ತೀಚೆಗಂತೂ ಸೈಕಲ್ಲಿನವರೂ ಇವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮಕ್ಕಳನ್ನು ಕೂರಿಸಿಕೊಂಡಾಗ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓಡಿಸಬೇಕು ಎಂಬುದು ಇವರದೇ ಮಾತು. ನಾಲ್ವರಲ್ಲಿ ಇಬ್ಬರು ಪಕ್ಕದ ಮನೆಯ ನರ್ಸಮ್ಮನ ಅವಳಿ ಹೆಣ್ಣುಮಕ್ಕಳು. ರಾತ್ರಿ ಪಾಳಿ ಮುಗಿಸಿ ಬಂದು ಗೇಟಿನಲ್ಲಿ ಮಕ್ಕಳನ್ನು ಕಾರು ಹತ್ತಿಸುವ ನರ್ಸಮ್ಮ, ನಿಧಾನ ಮಾಮ ಇರುವುದರಿಂದಲೇ ತಾನು ನಿಶ್ಚಿಂತೆಯಾಗಿ ಮಲಗುವುದು ಎಂದು ನನ್ನೊಡನೆ ಎಷ್ಟೋ ಸಲ ಹೇಳಿದ್ದಾಳೆ. ಕೇಳಿ ನಾನೂ ಬೀಗಿದ್ದೇನೆ.

ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ, ಇವರು ಮುಂದಿನ ಚಕ್ರಗಳನ್ನು ಕಬ್ಬಿಣದ ಇಳಿಜಾರುಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬೋಗುಣಿ ಹಿಡಿದುಕೊಂಡು ಕೆಳಗೆ ತೂರಿದರು. ನಾನು ಬಾಗಿಲ ಮೆಟ್ಟಿಲ ಮೇಲೆ ಕುಳಿತು ಒಂದು ಪ್ಯಾಂಟಿನ ಅಂಚು ಹೊಲಿಯುತ್ತಿದ್ದೆ. ಸಿಟ್ಟಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಪಕ್ಕದಲ್ಲೇ ಟಾರ್ಚು ಉರಿಯುತ್ತಿದ್ದರೂ ಇವರ ಬೆರಳುಗಳು ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ ಬೋಲ್ಟಿಗಾಗಿ ತಡಕಾಡಿದವು. ಕೊನೆಗೆ ಬೋಲ್ಟು ಬಿಚ್ಚಿಕೊಂಡಿತು. ಕಪ್ಪು ಎಣ್ಣೆ ಧಾರೆಯಾಗಿ ಇಳಿಯಿತು, ಆದರೆ ಬೋಗುಣಿಗಲ್ಲ, ಅದರ ಪಕ್ಕದ ನೆಲಕ್ಕೆ.

ನಾನು ಕೂಗಿ ಹೇಳುವಷ್ಟರಲ್ಲಿ ತೋಳಿಗೆ ಬಿಸಿ ತಾಗಿ ಇವರೇ ಬೋಗುಣಿಯನ್ನು ಸರಿಸಿದರು. ಚೆಲ್ಲಿದ್ದರ ಮೇಲೆ ಮರಳು ಸುರಿಯುತ್ತ ಏನಾಯಿತೆಂದು ಕೇಳಿದರೆ, ಅಂಗಳವೇ ಓರೆಯಾಗಿದೆ, ಬೋಗುಣಿ ಜಾರಿತು ಎಂಬ ಉತ್ತರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೂ ಬಿಡಲಿಲ್ಲ. ಬೇರೆ ದಿನವಾಗಿದ್ದರೆ ಕೆಳಗಿನಿಂದಲೇ ನನ್ನ ಹೊಲಿಗೆಯ ಮೇಲೊಂದು ಕುಹಕ ಬರುತ್ತಿತ್ತು. ಅಂದು ಹಳೆಯ ಫಿಲ್ಟರು ಬಿಚ್ಚುವ ಸದ್ದಷ್ಟೇ ಬಂತು.

ಮೆಟ್ಟಿಲಿಗೆ ಮರಳಿ ಸೂಜಿ ಕೈಗೆತ್ತಿಕೊಂಡಾಗ ದಾರ ಮುಗಿದಿತ್ತು. ನನಗೆ ಚಾಳೀಸು ಬಂದಾಗಿನಿಂದ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಇವರು. ಈಚೆಗೆ ಕೇಳಿದಾಗಲೆಲ್ಲ ಒಂದೊಂದು ನೆಪ: ಕೈ ಒದ್ದೆ, ಕೈಯಲ್ಲಿ ಗ್ರೀಸು, ಕನ್ನಡಕವನ್ನು ಯಾಕೆ ಮಾಡಿಸಿಕೊಂಡಿದ್ದೀಯ. ಪತ್ರಿಕೆಯನ್ನೂ ನನ್ನಿಂದಲೇ ಓದಿಸುತ್ತಿದ್ದರು. ನನ್ನ ದನಿ ಕೇಳಲು ಆಸೆ ಇರಬೇಕು ಎಂದು ನಾನೊಬ್ಬಳು ಹುಚ್ಚಿ ಖುಷಿಪಟ್ಟಿದ್ದೆ. ಮೊನ್ನೆ ಗೇಟಿಗೆ ಉಜ್ಜಿ ಕಾರಿನ ಪಕ್ಕದ ಕನ್ನಡಿ ಒಡೆದಾಗ ಬೈಸಿಕೊಂಡದ್ದು ಗೇಟು. ಬಿಡಿಬಿಡಿಯಾಗಿ ಯಾವುದೂ ದೊಡ್ಡದಲ್ಲ. ಒಟ್ಟಿಗೆ ಇಟ್ಟು ನೋಡಿದಾಗ ಇವರ ಕಣ್ಣಿನ ಮೇಲೇ ಅನುಮಾನ ಬಂತು. ನಾಳೆ ಸೋಮವಾರ, ಬೆಳಿಗ್ಗೆಯೇ ಆ ನಾಲ್ಕು ಮಕ್ಕಳು ಗೇಟಿನ ಬಳಿ ಬಂದು ನಿಲ್ಲುತ್ತಾರೆ.

ನೇರವಾಗಿ ಕೇಳಿದರೆ ಒಪ್ಪಿಕೊಳ್ಳುವ ಆಸಾಮಿಯಲ್ಲ. ನನ್ನದು ಹದ್ದಿನ ಕಣ್ಣು, ಡಾಕ್ಟರಿಗೇ ಪಾಠ ಹೇಳಿಕೊಡುತ್ತೇನೆ ಎಂದುಬಿಡುತ್ತಾರೆ. ನಾನು ಸಮಯ ಕಾದೆ.

ಹೊಸ ಫಿಲ್ಟರಿನ ರಬ್ಬರು ಬಳೆಗೆ ಎಣ್ಣೆ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸಿದರು. ಬೋಲ್ಟು ಬಿಗಿದರು. ಎಣ್ಣೆ ಸುರಿದು, ಎಂಜಿನ್ ಓಡಿಸಿ, ಕಾರನ್ನು ಸಮನೆಲಕ್ಕೆ ಇಳಿಸಿ ನಿಲ್ಲಿಸಿದರು. ಕೈಗೆ ರೂಢಿಯಾದದ್ದರಲ್ಲಿ ಒಂದಿಷ್ಟೂ ತಪ್ಪು ಕಾಣಲಿಲ್ಲ, ಹಾಗಾಗಿ ನನ್ನ ಅನುಮಾನವೇ ಸುಳ್ಳಿರಬಹುದೆಂದು ಆಸೆಯೂ ಆಯಿತು. ಉಳಿದದ್ದು ಅಳತೆ ಕಡ್ಡಿ ನೋಡುವುದು. ಒಮ್ಮೆ ಹೊರಗೆಳೆದು ಒರೆಸಿ, ಮತ್ತೆ ಅದ್ದಿ ತೆಗೆದು ಓದಬೇಕು. ಅದರ ತುದಿಯಲ್ಲಿ ಎರಡು ಗೆರೆಗಳಿವೆ. ಎಣ್ಣೆ ಕೆಳಗಿನ ಗೆರೆಗಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ಹೊಸ ಎಣ್ಣೆ ಎಷ್ಟು ತಿಳಿಯಾಗಿರುತ್ತದೆಂದರೆ ಒಳ್ಳೆಯ ಕಣ್ಣಿದ್ದವರೂ ಒಮ್ಮೊಮ್ಮೆ ತಪ್ಪು ಓದುತ್ತಾರೆ. ಹಾಗಾಗಿ ಇವರು ಒಂದಿಷ್ಟು ಹೆಚ್ಚು ಕಡಿಮೆ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ.

ಕಡ್ಡಿ ಹೊರಗೆಳೆದ ಕೂಡಲೇ, ಒರೆಸಿಕೊಡುತ್ತೇನೆ ಎಂದು ಅದನ್ನು ನಾನು ತೆಗೆದುಕೊಂಡೆ. ಬಿಳಿ ಬಟ್ಟೆಯಿಂದ ತುದಿಯವರೆಗೆ ಚೆನ್ನಾಗಿ ಒರೆಸಿದೆ. ಅದನ್ನು ಇಳಿಸುವ ಕೊಳವೆಯ ಬಾಯಿಗೆ ತಾಗಿಸಿ ಟಣ್ ಎನಿಸಿದೆ, ಒಳಗೆ ಬಿಡಲಿಲ್ಲ. ಒಣ ಕಡ್ಡಿಯನ್ನೇ ಇವರ ಕೈಗಿಟ್ಟೆ.

ಇವರು ಅದನ್ನು ಬೆಳಕಿಗೆ ಹಿಡಿದು, ತಲೆ ಅತ್ತಿತ್ತ ಓರೆ ಮಾಡಿ, ಬಹಳ ಹೊತ್ತು ನೋಡಿದರು.

“ಸರಿಯಾಗಿದೆ. ಎರಡು ಗೆರೆ ಮಧ್ಯೆ ನಿಂತಿದೆ ನೋಡು,” ಎಂದರು.

“ನಾನು ಅದನ್ನ ಅದ್ದೇ ಇಲ್ಲ,” ಎಂದೆ. “ಒರೆಸಿ ಹಾಗೇ ಕೊಟ್ಟೆ.”

ಇವರು ನಿಧಾನವಾಗಿ, ಆಗಲೇ ಒಣಗಿದ್ದ ಕಡ್ಡಿಯನ್ನು ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರು. ಹೋಗಿ ಮೆಟ್ಟಿಲ ಮೇಲೆ ಕುಳಿತರು. ಗೆದ್ದೆ ಎಂದು ನನಗೆ ಅನಿಸಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ವಾದದಲ್ಲಿ ಸೋಲಬೇಕೆಂದು ಬಯಸಿದ್ದೆ.

ಕೇಳುತ್ತ ಹೋದ ಹಾಗೆ ಒಂದೊಂದಾಗಿ ಹೇಳಿದರು. ಕಳೆದ ಸಲ ಎಣ್ಣೆ ಬದಲಾಯಿಸಿದಾಗ ಗೆರೆಗಳು ಇನ್ನೂ ಕಾಣುತ್ತಿದ್ದವಂತೆ. ಈಗ ಸುತ್ತಮುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಅಳಿಸಿಹೋಗುತ್ತದೆ. ಡಾಕ್ಟರ ಹತ್ತಿರ ಹೋದರೆ ಕಾರು ಬಿಡಿ ಎನ್ನುತ್ತಾರೆ, ಅದಕ್ಕೇ ಹೋಗಲಿಲ್ಲ. ರಸ್ತೆ ಹೇಗೂ ಬಾಯಿಪಾಠವಾಗಿದೆಯಲ್ಲ ಎಂದರು.

“ರಸ್ತೆ ಬಾಯಿಪಾಠ, ಸರಿ. ರಸ್ತೆಗೆ ಓಡಿ ಬರೋ ಮಗು ಬಾಯಿಪಾಠ ಇರುತ್ತಾ?”

ನನ್ನ ಮಾತು ನನಗೇ ಚುಚ್ಚಿತು. ಇವರು ತಲೆ ತಗ್ಗಿಸಿದರು. ಈ ಮನುಷ್ಯನಿಗೆ ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ತೊಡಲು ಇದ್ದ ಕಾರಣವೆಂದರೆ ಆ ನಾಲ್ಕು ಮಕ್ಕಳು. ಅದು ನನಗೆ ಗೊತ್ತು. ಗೊತ್ತಿದ್ದೂ ಕೈ ಚಾಚಿದೆ. ಇವರು ಜೇಬಿನಿಂದ ಕೀ ತೆಗೆದು, ಒಂದು ಕ್ಷಣ ಹಿಡಿದುಕೊಂಡು, ನನ್ನ ಅಂಗೈಯಲ್ಲಿ ಇಟ್ಟರು. ನರ್ಸಮ್ಮನಿಗೂ ಉಳಿದಿಬ್ಬರು ಮಕ್ಕಳ ಮನೆಗೂ ತಾವೇ ಹೇಳುವುದಾಗಿ ಹೇಳಿದರು. ಕಾರಣ ಮುಚ್ಚಿಡದೆ ಹೇಳಬೇಕು ಎಂದೆ. ಹೂಂ ಎಂದರು. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಹೋಗುವುದೆಂದು ಮಾತಾಯಿತು.

ಅಷ್ಟಾದರೂ ನನ್ನ ಸಂಕಟ ತೀರಲಿಲ್ಲ. ಊರಿಗೆ ಹೇಳದಿದ್ದರೆ ಹೋಗಲಿ, ನನಗೆ ಯಾಕೆ ಹೇಳಲಿಲ್ಲ? ಒಳಗೊಳಗೇ ಒಬ್ಬರೇ ನುಂಗಿಕೊಂಡು, ನನ್ನ ಕಡೆ ಮುಖ ಎತ್ತುವುದನ್ನೂ ಬಿಟ್ಟು, ನಾನೇನು ತಪ್ಪು ಮಾಡಿದೆನೋ ಎಂದು ನನ್ನನ್ನು ಕೊರಗಿಸಿದಿರಲ್ಲ ಎಂದು ಕೇಳಿಯೇಬಿಟ್ಟೆ.

ಇವರು ತಲೆ ಎತ್ತಿದರು. ಕಣ್ಣು ಮತ್ತೆ ನನ್ನ ಕಿವಿಯ ಪಕ್ಕಕ್ಕೇ ಹೋಯಿತು.

“ನೇರ ನೋಡಿದ್ರೆ ನಿನ್ನ ಮುಖ ಇರೋದೇ ಇಲ್ಲ ಕಣೇ,” ಎಂದರು. “ಕಿವಿ ಕಡೆ ನೋಡಿದ್ರೆ ಮಾತ್ರ ಕಾಣ್ತೀಯ. ಅದಕ್ಕೇ ಅಲ್ಲಿ ನೋಡೋದು.”

ನಾನು ಕಾರಿನ ಹತ್ತಿರ ಹೋಗಿ ಕಡ್ಡಿಯನ್ನು ಈ ಸಲ ನಿಜವಾಗಿ ಅದ್ದಿ ತೆಗೆದೆ. ಕನ್ನಡಕದೊಳಗೆ ನೀರು ತುಂಬಿ ನನಗೂ ಗೆರೆ ಕಾಣಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದನ್ನು ಇವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಸುರಿದೆ, ಕಾದೆ, ಮತ್ತೆ ಅದ್ದಿ ನೋಡಿದೆ. ಎರಡು ಗೆರೆಗಳ ನಡುವೆ ಬಂದಿದೆ ಎಂದು ಓದಿ ಹೇಳಿದೆ.

ಮುಚ್ಚಳ ಹಾಕಿ ಇವರ ಎದುರಿಗೆ ಬಂದೆ. ಇವರು ನನ್ನ ಕಿವಿಯ ಕಡೆ ನೋಡುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಕಿಗೆ ತಿರುಗಿ, ಅಲುಗಾಡದೆ ನಿಂತುಕೊಂಡೆ.