ಸಾಬವ್ವ ಹೇಳಿದ ಹೆಸರು

೧
ಎಲ್ಲಿಂದ ಶುರು ಮಾಡಲಿ? ಕೆಮ್ಮಿನಿಂದ ಎಂದರೆ ನೀವು ಪುಟ ತಿರುಗಿಸುತ್ತೀರಿ. ಕೋವಿಡ್ ಕಥೆ ಈಗ ಯಾರಿಗೆ ಬೇಕು? (ನನಗೂ ಬೇಡವಾಗಿತ್ತು.) ಮೊದಲ ಡ್ರಾಫ್ಟಿನಲ್ಲಿ ಪುಣೆಯ ಕಾತ್ರಜದ ಗುಡ್ಡದ ಮೇಲೆ ಸೂರ್ಯ ಹುಟ್ಟುತ್ತಿದ್ದ. ಹೊಡೆದು ಹಾಕಿದೆ. ಸಾಬವ್ವ ಸೂರ್ಯನನ್ನು ನೋಡುತ್ತಿರಲಿಲ್ಲ, ಮಲಗಿದ ಗಂಡನ ಎದೆ ಏಳುವುದನ್ನು ನೋಡುತ್ತಿದ್ದಳು.

೨
ಗಂಡ ಹುಸೇನಪ್ಪ ಯಾದಗಿರಿ ಕಡೆಯ ಗೌಂಡಿ. ಪುಣೆಯಲ್ಲಿ ಹನ್ನೆರಡನೆಯ ಮಹಡಿಯ ಗೋಡೆ ಎತ್ತಿದವನು, ಎರಡನೆಯ ಅಲೆಯ ಜ್ವರ ಬಂದು ಹೋದಾಗಿನಿಂದ ತಗಡಿನ ಶೆಡ್ಡಿನಿಂದ ನಳದವರೆಗೆ ಹೋಗಲು ಎರಡು ಸಲ ಕೂರುತ್ತಾನೆ. ಎಕ್ಸ್-ರೇ ಸರಿ ಇದೆಯಂತೆ, ರಕ್ತ ಸರಿ ಇದೆಯಂತೆ. ಮನುಷ್ಯ ಮಾತ್ರ ಸರಿ ಇಲ್ಲ. ಕಡೆಗೆ ಲಾಂಗ್ ಕೋವಿಡ್ ಸಂಶೋಧನೆ ಮಾಡುವ ಆಸ್ಪತ್ರೆಯೊಂದು ಸಿಕ್ಕಿತು. ಸಂಶೋಧನೆಗೆ ಹೆಸರು ಹತ್ತಿದರೆ ಔಷಧ, ಉಸಿರಾಟದ ತರಬೇತಿ ಎಲ್ಲ ಬಿಟ್ಟಿ.

ಅಲ್ಲಿ ಹೆಸರು ಬರೆದುಕೊಳ್ಳುವ, ಕನ್ನಡ ಬಲ್ಲ ಮಾಧುರಿ ಹಳೆಯ ಕೋವಿಡ್ ಟೆಸ್ಟಿನ ಕಾಗದ ನೋಡಿದಳು. "ಮಾವಶಿ, ಇದ್ರಾಗ ನೆಗೆಟಿವ್ ಅದ. ಪಾಸಿಟಿವ್ ರಿಪೋರ್ಟ್ ಇದ್ದವರನ್ನಷ್ಟ ತಗೋತಾರ್ರಿ. ನಿಯಮ ಅದ."



೨ (ಮತ್ತೆ, ಒಂದು ಸಂಗತಿ ಬಿಟ್ಟಿದ್ದೆ)
ಎರಡನೆಯ ಅಲೆಯ ಆ ದಿನಗಳಲ್ಲಿ ನೆಗೆಟಿವ್ ರಿಪೋರ್ಟ್ ಇಲ್ಲದವರನ್ನು ಶೆಡ್ಡಿನಿಂದ ಹೊರಗೆ ಹಾಕುತ್ತಿದ್ದರು. ಹುಸೇನಪ್ಪ ಜ್ವರದಲ್ಲಿ ಸುಡುತ್ತಿದ್ದ. ಸಾಬವ್ವ ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ತೊಡುವ ಅವನದೇ ಅಂಗಿ ತೊಟ್ಟು, ಹೆಲ್ಮೆಟ್ ಹಾಕಿ, ಮುಖಕ್ಕೆ ಟವೆಲ್ ಸುತ್ತಿ ಟೆಸ್ಟಿನ ಪಾಳಿಯಲ್ಲಿ ನಿಂತಳು. ಗಂಡನ ಹೆಸರನ್ನು ಆವರೆಗೆ ಬಾಯಲ್ಲಿ ತಂದವಳಲ್ಲ. ತಲೆ ಎತ್ತದೆ ಬರೆಯುತ್ತಿದ್ದವನು ಹೆಸರು ಕೇಳಿದಾಗ, ಗಂಟಲು ದಪ್ಪ ಮಾಡಿ, "ಹುಸೇನಪ್ಪ" ಎಂದಳು. ಕಡ್ಡಿ ಅವಳ ಮೂಗಿಗೆ ಹೋಯಿತು, ನೆಗೆಟಿವ್ ಅವನ ಹೆಸರಿಗೆ ಬಂತು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುತ್ತಿರುವವನು ಇನ್ನೊಬ್ಬ.

೪ (ಮೂರನ್ನು ಹರಿದೆ, ಅದರಲ್ಲಿ ಮಾಧುರಿ ನಿಯಮ ಮುರಿಯುತ್ತಿದ್ದಳು)
ಇನ್ನೊಂದು ಮುಕ್ತಾಯ: ನಾನು ಲೇಖಕ. ನೆಗೆಟಿವ್ ಹೊಡೆದು ಪಾಸಿಟಿವ್ ಎಂದು ಬರೆದರೆ ಕೇಳುವವರು ಯಾರು?

"ಬ್ಯಾಡ್ರಿ," ಎಂದು ಸಾಬವ್ವ ನನ್ನ ಪೆನ್ನು ತಡೆದಳು. "ಒಮ್ಮೆ ಕಾಗದದಾಗ ಸುಳ್ಳು ಬರ್ಸೀನಿ. ಸಾಕಾಗ್ಯದ."

ಮಾಧುರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೆಂಚಿನ ಮೇಲಿದ್ದ ಹುಸೇನಪ್ಪ ಮಾತಿಗೊಂದು ಉಸಿರು ತೆಗೆದುಕೊಂಡು, "ಆಕೀದು... ತಪ್ಪಿಲ್ರಿ. ನಾನ... ಕಳಿಸಿದ್ದೆ" ಎಂದ. ಅದೂ ಸುಳ್ಳು. ಅವತ್ತು ಅವನಿಗೆ ಎಚ್ಚರವೇ ಇರಲಿಲ್ಲ. ಸಾಬವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. (ನಾನೂ ಅತ್ತೆ. ಪ್ರಯೋಗಶೀಲ ಕಥೆಗಾರ ಅಳಬಾರದಂತೆ.)

ಮಾಧುರಿ ಫಾರ್ಮಿನಲ್ಲಿ ಇದಕ್ಕೆ ಜಾಗ ಹುಡುಕಿದಳು. ಸಿಗಲಿಲ್ಲ. ಹಿಂದೆ ತಿರುಗಿಸಿ ಖಾಲಿ ಬದಿಯಲ್ಲಿ ಬರೆದಳು. "ನಿಯಮ ಮಾಡೋ ಸಮಿತಿಗೆ ಕಳಸ್ತೀನ್ರಿ. ರಿಪೋರ್ಟ್ ಇಲ್ಲದವರು ಭಾಳ ಮಂದಿ ಬರಾಕತ್ತಾರ. ಮುಂದಿನ ತಿಂಗಳ ಮೀಟಿಂಗ್ ಅದ. ಏನಂತಾರೋ ಗೊತ್ತಿಲ್ಲ ನೋಡ್ರಿ."

೫
ಇಬ್ಬರೂ ಹೊರಗೆ ಬಂದರು. ಮೂರನೆಯ ಮೆಟ್ಟಿಲಲ್ಲಿ ಹುಸೇನಪ್ಪ ಕುಳಿತ. ಸಮಿತಿ ಒಪ್ಪಿತು ಎನ್ನಲೇ, ಒಪ್ಪಲಿಲ್ಲ ಎನ್ನಲೇ? ಮುಗಿಸಲೇಬೇಕಲ್ಲ ಎಂದು ಪೂರ್ಣವಿರಾಮ ಇಡಲು ಹೋದೆ.

"ತಡೀರಿ," ಎಂದಳು ಸಾಬವ್ವ, ಅವನ ಬೆನ್ನು ನೀವುತ್ತ. "ಅವರು ಇನ್ನಾ ಉಸುರು ತಗೊಳ್ಳಕತ್ತಾರ."

ತಡೆದಿದ್ದೇನೆ. ನೀವೂ ಒಂದು ಮೆಟ್ಟಿಲು ನೋಡಿಕೊಂಡು ಕೂರಿ