ಬಿಗಿಯದ ಮೂಲೆ

ನನ್ನ ದೊಡ್ಡಪ್ಪ ಆವುಲಪ್ಪನಿಗೆ ಮನೆ ಕಟ್ಟಿಸಿಕೊಟ್ಟು ನನಗೆ ಸಾಕುಸಾಕಾಗಿ ಹೋಯಿತು. ಚಿಂತಾಮಣಿಯಲ್ಲಿ ಇಂಜಿನಿಯರ್ ಆಗಿ ಊರವರ ಮನೆಗಳನ್ನೆಲ್ಲ ನಗುನಗುತ್ತಾ ಕಟ್ಟಿಸಿದ್ದೇನೆ. ಸ್ವಂತದವರ ಮನೆ ಕಟ್ಟಿಸುವ ಕರ್ಮ ಮಾತ್ರ ಶತ್ರುವಿಗೂ ಬೇಡ.

ಅವರ ಊರು ಅಂಬಾಜಿದುರ್ಗದ ಬುಡದಲ್ಲಿದೆ. ಆಷಾಢದ ಗಾಳಿ ಬೆಟ್ಟದ ಸಂದಿಯಿಂದ ನೇರವಾಗಿ ಅವರ ಮನೆಯ ಮೇಲೇ ಬರುತ್ತದೆ. ಹಳೆಯ ಮನೆಯ ಶೀಟುಗಳು ಹಾರದಿರಲೆಂದು ಮೇಲೆ ಕಲ್ಲು ಹೇರಿದ್ದರು. ೨೦೦೫ರಲ್ಲಿ ಶೀಟೂ ಹಾರಿತು, ಕಲ್ಲೂ ಉರುಳಿತು. ಒಂದು ಕಲ್ಲು ದೊಡ್ಡಮ್ಮ ಚಿಕ್ಕವೆಂಕಟಮ್ಮನ ತಲೆದಿಂಬಿನ ಪಕ್ಕದಲ್ಲೇ ಬಿತ್ತು. ಅಂದಿನಿಂದ ಗಾಳಿ ಎದ್ದರೆ ಅವರು ಮಲಗುವುದಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಾರೆ. ಅವರಿಗೆ ನಿದ್ದೆ ಬರುವಂಥ ಮನೆ ಕಟ್ಟಬೇಕು ಎಂದೇ ನಾನು ಈ ತಲೆನೋವನ್ನು ಮೈಮೇಲೆ ಎಳೆದುಕೊಂಡದ್ದು.

ಪಾಯದಿಂದ ಕಂಬಿ ಎತ್ತಿ, ಗೋಡೆಯ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ, ಅದಕ್ಕೆ ಸೂರಿನ ಪೈಪು ಕಚ್ಚಿಸಿ, ಶೀಟುಗಳನ್ನು ಬೋಲ್ಟಿನಿಂದ ಬಿಗಿಸುವುದು ನನ್ನ ಯೋಜನೆ. ಇಷ್ಟು ಕಬ್ಬಿಣ ಮನೆಗೋ ಸೇತುವೆಗೋ ಎಂದು ದೊಡ್ಡಪ್ಪ ಕೇಳಿದರು. ಆಮೇಲೆ ಹಸು ಕಟ್ಟಲು ಸೂರನ್ನು ಮುಂದಕ್ಕೆ ಚಾಚು ಎಂದು ಹಟ ಹಿಡಿದರು. ಚಾಚಿದ ಸೂರಿನಡಿ ಗಾಳಿ ಹೊಕ್ಕು ಎತ್ತಿಬಿಡುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ ಹಸುವಿಗೇ ಬೇರೆ ಚಪ್ಪರ ಹಾಕಿಸಿ ಬಚಾವಾದೆ.

ಗೃಹಪ್ರವೇಶ ಮುಗಿದು ಆಷಾಢ ಬಂತು. ಮೊದಲ ಗಾಳಿಗೇ ದೊಡ್ಡಪ್ಪ ಫೋನ್ ಮಾಡಿ, ಅಡುಗೆಮನೆ ಮೂಲೆಯ ಶೀಟು ಬಡಿದುಕೊಳ್ಳುತ್ತಿದೆ, ನಿನ್ನ ಇಂಜಿನಿಯರಿಂಗಿಗೆ ಬೆಂಕಿ ಹಾಕ ಎಂದರು.

ನಾನು ಹೋದಾಗ ಅವರು ತೋಟದಲ್ಲಿದ್ದರು. ಏಣಿ ಹತ್ತಿ ನೋಡಿದರೆ, ನಾನೇ ಕೈಯಾರೆ ಪರೀಕ್ಷಿಸಿದ್ದ ಬೋಲ್ಟುಗಳು ಆ ಮೂಲೆಯಲ್ಲಿ ಇರಲೇ ಇಲ್ಲ. ಮೈಯೆಲ್ಲ ಉರಿಯಿತು. ಈ ಮನೆ ಕಟ್ಟಿದ್ದ ಗಾರೆ ಕೆಲಸದ ಬಯ್ಯಪ್ಪನನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಅವನು ದೊಡ್ಡಮ್ಮನ ಮುಖ ನೋಡಿದ.

"ನಾನೇ ತೆಗ್ಸಿದ್ದು ನಾಯ್ನಾ," ಎಂದರು ದೊಡ್ಡಮ್ಮ.

ಮನೆ ಪೂರ್ತಿ ಮುಗಿದರೆ ಯಜಮಾನನ ಆಯಸ್ಸೂ ಮುಗಿಯುತ್ತದೆ, ಎಲ್ಲಾದರೂ ಒಂದಿಷ್ಟು ಕೆಲಸ ಬಾಕಿ ಬಿಡಬೇಕು ಎಂದು ಅವರ ತವರಿನವರ ನಂಬಿಕೆಯಂತೆ. ಬಿಡುವುದಕ್ಕೆ ಇಡೀ ಮನೆಯಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ ಎಂದೆ. ಕೆಳಗೆ ಬಿಟ್ಟರೆ ದೊಡ್ಡಪ್ಪನ ಕಣ್ಣಿಗೆ ಬಿದ್ದು ಸರಿಮಾಡಿಸಿಬಿಡುತ್ತಾರೆ ಎಂದರು. ನಿಮ್ಮ ನಿದ್ದೆಗೋಸ್ಕರವೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದು ಕೂಗಾಡಿದೆ.

"ಎದ್ದು ಕೂತಿರೋದು ನಂಗೆ ಅಭ್ಯಾಸ ಆಗೋಗೈತೆ ಕಣಪ್ಪ. ನಿಮ್ ದೊಡ್ಡಪ್ಪ ಗೊರಕೆ ಹೊಡೀತಿರ್ತಾರೆ, ಕೇಳ್ತಾ ಕೂತಿರ್ತೀನಿ. ಅದು ನಿಂತೋದ್ರೆ ನಂಗೆ ಯಾವ ಮನೇಲಿ ನಿದ್ದೆ ಬರುತ್ತೆ?"

ಮತ್ತೆ ಏಣಿ ಹತ್ತಿ ಆ ಮೂಲೆಯನ್ನು ನಾನೇ ಬಿಗಿದೆ. ಇಳಿದು ಬಂದು, ಬಯ್ಯಪ್ಪನ ಉಳಿ ಕಿತ್ತುಕೊಂಡು, ನಡುಮನೆಯ ಬಾಗಿಲ ಹಿಂದಿನ ಹೊಸ ಗೋಡೆಯಿಂದ ಅಂಗೈಯಗಲ ಗಾರೆ ಉದುರಿಸಿದೆ. ಇದು ಯಾವತ್ತೂ ಬಾಕಿ ಇರಲಿ, ದೊಡ್ಡಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ. ದೊಡ್ಡಮ್ಮ ಆ ಜಾಗವನ್ನು ಮುಟ್ಟಿ ನೋಡಿದರು.

ಆ ರಾತ್ರಿಯೂ ಗಾಳಿ ಜೋರಾಗಿಯೇ ಬೀಸಿತು. ಬೆಳಿಗ್ಗೆ ಮತ್ತೆ ದೊಡ್ಡಪ್ಪನ ಫೋನು.

"ಹೊಸ ಗೋಡೆ ಯಾಕೋ ಕಿತ್ತಾಕ್ದೆ? ಇವಳನ್ನ ಕೇಳಣ ಅಂದ್ರೆ, ಬಿಸಿಲು ಬಂದ್ರೂ ಗೊರಕೆ ಹೊಡೀತಾ ಮಲ್ಗವ್ಳೆ."