ಅಲ್ಪವಿರಾಮ ಸಾಹೇಬರ ಮೂಕ ಪರೀಕ್ಷೆ

ಆಫೀಸಿನವರು ಬೆನ್ನ ಹಿಂದೆ ಅವರಿಗೆ ಇಟ್ಟಿದ್ದ ಹೆಸರು ಅಲ್ಪವಿರಾಮ ಸಾಹೇಬರು. ಆಸ್ಪತ್ರೆಯ ಕತ್ತರಿ, ಚಿಮಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರಗಳ ಕಾರ್ಖಾನೆ ಅದು. ಯಂತ್ರದ ಜೊತೆ ಹೋಗುವ ಇಂಗ್ಲಿಷ್ ಕೈಪಿಡಿಗಳಿಗೆ ಇವರು ಮುಖ್ಯ ಸಂಪಾದಕರು. ಪಟ್ಟಿಯ ಕೊನೆಯ ‘ಆ್ಯಂಡ್’ಗೆ ಮುಂಚೆ ಕಾಮಾ ಹಾಕದೆ ಬಿಟ್ಟವರನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ‘ಪ್ಲೀಸ್’ ಎಂದು ಬರೆದವರು ಭಿಕ್ಷುಕರು, ದಪ್ಪಕ್ಷರ ಬಳಸಿದವರು ಸಂತೆಯಲ್ಲಿ ಕೂಗುವವರು. ಹೆಂಡತಿ ಫ್ರಿಜ್ಜಿಗೆ ಅಂಟಿಸಿದ ಚೀಟಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಆ ಪುಣ್ಯಾತ್ಗಿತ್ತಿ ಬೇಸತ್ತು ಬರೆಯುವುದನ್ನೇ ಬಿಟ್ಟಿದ್ದಳು.

ಒಂಬತ್ತು ವರ್ಷ ಜೀವ ತೇಯ್ದು ಕೈಪಿಡಿ ಹೇಗೆ ಬರೆಯಬೇಕೆಂಬ ನಿಯಮಗಳ ಶೈಲಿಗ್ರಂಥವೊಂದನ್ನು ಅವರು ಬರೆದಿದ್ದರು. ಕಂಪನಿಯ ಎಲ್ಲ ಶಾಖೆಗಳಿಗೂ ಅದು ಕಡ್ಡಾಯವಾಗಬೇಕು, ಇದೊಂದೇ ಅವರ ಬಾಳಿನ ಆಸೆ. ಕಂಪನಿಯ ನಿರ್ದೇಶಕಿ ಒಪ್ಪಿದರು, ಆದರೆ ಒಂದು ಷರತ್ತು: ಗ್ರಂಥದ ಪ್ರಕಾರ ತಯಾರಾದ ಮೊದಲ ಕೈಪಿಡಿ ಮೂಕ ಪರೀಕ್ಷೆಯಲ್ಲಿ ಪಾಸಾಗಬೇಕು. ಯಂತ್ರವನ್ನು ಮುಟ್ಟಿಯೂ ನೋಡದ ಒಬ್ಬರು ಕೈಪಿಡಿ ಓದಿಕೊಂಡೇ ಅದನ್ನು ನಡೆಸಬೇಕು, ಸುತ್ತ ನಿಂತವರು ತುಟಿ ಪಿಟಕ್ಕೆನ್ನಬಾರದು. ಯಾರಾದರೂ ಬಾಯಿಬಿಟ್ಟರೆ ಕೈಪಿಡಿ ಫೇಲು.

ಸಾಹೇಬರು ಆರಿಸಿದ್ದ ಫಾಂಟು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಂಥದ್ದು. ಒಂದು ಎಂಬ ಅಂಕಿ, ಲೀಟರನ್ನು ಸೂಚಿಸುವ ಸಣ್ಣ ‘ಎಲ್’, ಅದರಲ್ಲಿ ಎರಡೂ ನೆಟ್ಟಗಿನ ಸಣಕಲು ಗೆರೆಗಳೇ. ಅಂಕಿಗೂ ಅಳತೆಗೂ ನಡುವೆ ಜಾಗ ಬಿಟ್ಟರೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆಂದು ಅದನ್ನೂ ಮುಚ್ಚಿಸಿದ್ದರು.

ಕೈಪಿಡಿ ಬರೆದ ಹುಡುಗಿ ಹೆದರುತ್ತಲೇ ಹೇಳಿದ್ದಳು. “ಸಾರ್, ಲೀಟರ್ ಅಂತ ಪೂರ್ತಿ ಬರೆದುಬಿಡೋಣ. ಇದನ್ನ ಓದಿದವ್ರಿಗೆ ಗೊಂದಲ ಆಗತ್ತೆ.”

“ಪೂರ್ತಿ ಬರೆಯೋಕೆ ಇದೇನು ದಿನಸಿ ಚೀಟೀನಾ?” ಎಂದು ಸಾಹೇಬರು ಮೂಗು ಮುರಿದಿದ್ದರು. “ಓದುಗರು ಬೆಳೀಬೇಕಮ್ಮ. ನಾವು ಇಳೀಬಾರದು.” ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಪರೀಕ್ಷೆಗೆ ಬಂದವನು ಕಂಪನಿಯ ವ್ಯಾನ್ ಡ್ರೈವರ್. ಮೇಜಿನ ಮೇಲೆ ಅಡುಗೆ ಪಾತ್ರೆಯಷ್ಟಿದ್ದ ಯಂತ್ರ, ಪಕ್ಕದಲ್ಲಿ ಒಂದು ಲೀಟರಿನ ಜಗ್ಗು, ಎದುರಿಗೆ ನಲ್ಲಿ. ಅವನು ಪುಟದ ಮೇಲೆ ಬೆರಳಿಟ್ಟು ಓದಿ, ಜಗ್ಗು ತುಂಬಿ ಸುರಿದ. ಸಾಹೇಬರು ನಿರ್ದೇಶಕಿಯತ್ತ ಹೆಮ್ಮೆಯಿಂದ ನೋಡಿದರು.

ಡ್ರೈವರ್ ಎರಡನೆಯ ಜಗ್ಗು ತಂದ. ಮೂರನೆಯದೂ ಬಂತು. ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಹುಡುಗಿ ನೆಲ ನೋಡುತ್ತ ನಿಂತಳು, ಅವಳೂ ಮಾತಾಡುವಂತಿರಲಿಲ್ಲ. ಐದನೆಯದಕ್ಕೆ ನೀರು ಮೇಜಿನಿಂದ ಹರಿದು ಸಾಹೇಬರ ಬೂಟಿನೊಳಗೆ ಇಳಿಯಿತು. ಡ್ರೈವರ್ ಇನ್ನೊಮ್ಮೆ ಪುಟ ನೋಡಿಕೊಂಡು, ನಿಷ್ಠೆಯಿಂದ ಮತ್ತೆ ನಲ್ಲಿಗೆ ಹೊರಟ.

“ಒಂದು ಲೀಟರ್ ಕಣಯ್ಯಾ! ಒಂದೇ ಒಂದು!” ಸಾಹೇಬರು ಕಿರುಚಿಯೇಬಿಟ್ಟರು.

ಡ್ರೈವರ್ ಕೈಪಿಡಿಯನ್ನು ಅವರ ಮುಂದೆ ಹಿಡಿದ. “ನೀರು ಹನ್ನೊಂದು ಹಾಕಿ ಅಂತ ಇದ್ಯಲ್ಲ ಸಾರ್. ಜಗ್ಗು ಇರೋದು ಇದೊಂದೇ. ಇನ್ನೂ ಆರು ಬಾಕಿ ಇತ್ತು.”

“ಯಾವನಿಗಾದ್ರೂ ಗೊತ್ತಾಗತ್ತೆ, ಅದು ಲೀಟರ್ ಅಂತ!”

“ನಿಮಗೆ ಗೊತ್ತಾಗತ್ತೆ,” ಎಂದರು ನಿರ್ದೇಶಕಿ, ಸೀರೆಯಂಚು ಎತ್ತಿ ಹಿಡಿದುಕೊಂಡು. “ಹಾಗಾದ್ರೆ ಪ್ರತಿ ಮೆಷಿನ್ ಜೊತೆ ನಿಮ್ಮನ್ನೂ ಪ್ಯಾಕ್ ಮಾಡಿ ಕಳಿಸೋಣ್ವಾ?” ಹುಡುಗಿಯ ಕಡೆ ತಿರುಗಿ, “ಇವರು ತಿದ್ದೋ ಮುಂಚಿನ ನಿಮ್ಮ ಪ್ರತಿ ಇದ್ರೆ ತನ್ನಿ” ಎಂದರು.

ಯಾರೋ ಕಿಸಕ್ಕೆಂದರು. ಸಾಹೇಬರ ಒಂಬತ್ತು ವರ್ಷ ಐದು ಜಗ್ಗು ನೀರಿನಲ್ಲಿ ಕೊಚ್ಚಿಹೋಗಿತ್ತು. ಡ್ರೈವರ್ ತಪ್ಪು ಓದಿದ್ದಾನೆಂದು ತೋರಿಸಿಯೇ ತೀರಬೇಕೆಂದು ಅವರು ಕೈಪಿಡಿ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಷ್ಟು ನೋಡಿದರೂ ಅದು ಹನ್ನೊಂದೇ ಆಗಿತ್ತು.